ಏನೂ ಉರಿಯದ ಗಾಡಿಯಲ್ಲಿ ಸಿಒ ಅಲಾರಂ ಕೂಗಿದ್ದು: ಕೆಲಸದ ದಿನಚರಿ

ಗಾಡಿ: 25 ಅಡಿಯ ಕ್ಲಾಸ್ ಸಿ ಮೋಟಾರ್‌ಹೋಮ್, ಅಂದರೆ ಒಳಗೇ ಅಡುಗೆ, ಮಲಗುವ ವ್ಯವಸ್ಥೆಯಿರುವ ಮನೆ–ಗಾಡಿ. ನಿಂತಿರುವುದು ಅರಿಜೋನಾದಲ್ಲಿ, ಫೀನಿಕ್ಸ್ ಹೊರವಲಯದಲ್ಲಿ, 30 ಆಂಪ್ ಶೋರ್ ಪವರ್ (ಹೊರಗಿನಿಂದ ಕೇಬಲ್‌ನಲ್ಲಿ ಬರುವ ಕರೆಂಟ್) ಮೇಲೆ. ಒಳಗಿನ ದೀಪ, ಫ್ಯಾನ್ ನಡೆಸುವ ಹೌಸ್ ಬ್ಯಾಟರಿ ಎಂದರೆ 6 ವೋಲ್ಟ್‌ನ ಎರಡು ಗಾಲ್ಫ್ ಕಾರ್ಟ್ ಬ್ಯಾಟರಿ, ನೀರು ಹಾಕುವಂಥವು. ಎರಡೂ ಸರಣಿಯಲ್ಲಿ, ಬಾಗಿಲ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿವೆ. ಶೋರ್ ಪವರ್‌ನಿಂದ ಈ ಬ್ಯಾಟರಿಗಳನ್ನು ಚಾರ್ಜ್ ಮಾಡುವ 55 ಆಂಪ್‌ನ ಕನ್ವರ್ಟರ್ ಊಟದ ಮೇಜಿನ ಸೀಟಿನಡಿ. ಸಿಒ (ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ) ಮತ್ತು ಪ್ರೊಪೇನ್ ಎರಡನ್ನೂ ನೋಡುವ 12 ವೋಲ್ಟ್ ಜೋಡಿ ಅಲಾರಂ ನೆಲದಿಂದ ಒಂದು ಗೇಣು ಎತ್ತರದಲ್ಲಿ. ಪ್ರೊಪೇನ್ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಹಾಗಾಗಿ ಅಷ್ಟು ಕೆಳಗೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ, ಎಲ್ಲಿಟ್ಟರೂ ಸಿಗುತ್ತದೆ.

ದೂರು: ಏಪ್ರಿಲ್‌ನಲ್ಲಿ ಮೂರು ರಾತ್ರಿ ಅಲಾರಂ ಕೂಗಿದೆ. ಮೂರು ಸಲವೂ ಕಿಟಕಿ ಮುಚ್ಚಿ ಮಲಗಿದ ಎರಡು ಮೂರು ತಾಸಿಗೆ. ಒಲೆ, ಜನರೇಟರ್, ಹೀಟರ್ ಯಾವುದೂ ಚಾಲೂ ಇರಲಿಲ್ಲ.

ದಿನ 1

ಮೊದಲು ಕೂಗಿನ ಬಗೆ. ನಾಲ್ಕು ಬೀಪ್, ಐದು ಸೆಕೆಂಡ್ ಮೌನ, ಮತ್ತೆ ನಾಲ್ಕು ಬೀಪ್: ಇದು ಸಿಒ ಎಚ್ಚರಿಕೆ. ಅರ್ಧ ನಿಮಿಷಕ್ಕೊಮ್ಮೆ ‘ಚಿಕ್’ ಎಂದು ಒಂದೇ ಸದ್ದಾದರೆ ವೋಲ್ಟೇಜ್ ಇಳಿದಿದೆ ಅಥವಾ ಅಲಾರಂನ ಆಯಸ್ಸು ಮುಗಿದಿದೆ. ಎಷ್ಟೋ ‘ಸುಳ್ಳು ಅಲಾರಂ’ ತಕರಾರುಗಳು ಈ ಚಿಕ್ ಸದ್ದಿನವೇ ಇರುತ್ತವೆ. ಇಲ್ಲಿನದು ನಾಲ್ಕು ಬೀಪ್.

ನಾಲ್ಕು ಬೀಪ್ ಎಂದರೆ ಕಾರಣ ಹುಡುಕುವುದು ಆಮೇಲೆ. ಮೊದಲು ಎಲ್ಲರೂ ಹೊರಗೆ, ಬಾಗಿಲು ತೆರೆದೇ ಬಿಟ್ಟು. ತಲೆನೋವು, ವಾಕರಿಕೆ, ತಲೆಸುತ್ತು ಇದ್ದರೆ ತುರ್ತು ಸಂಖ್ಯೆ 911. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 98 ತೋರಿಸಿತೆಂದು ಸಮಾಧಾನಪಡಬಾರದು. ಸಿಒ ಅಂಟಿಕೊಂಡ ಹಿಮೋಗ್ಲೋಬಿನ್ ಅದರ ಕಣ್ಣಿಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ನಂತೆಯೇ ಕಾಣುತ್ತದೆ.

ಸಮಯವನ್ನೂ ಬರೆದಿಟ್ಟಿದ್ದು ಉಪಯೋಗಕ್ಕೆ ಬಂತು. ಅಮೆರಿಕದ ಯುಎಲ್ 2034 ಮಾನದಂಡದ ಅಲಾರಂ, ಸಿಒ ತಗುಲಿದ ಕೂಡಲೇ ಕೂಗುವುದಿಲ್ಲ. 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು) ಇದ್ದರೆ 60ರಿಂದ 240 ನಿಮಿಷದೊಳಗೆ, 150 ಇದ್ದರೆ 10ರಿಂದ 50, 400 ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. 30 ಪಿಪಿಎಂಗೆ ಸುಮ್ಮನಿರಬೇಕು. ಎರಡು ಮೂರು ತಾಸು ತೆಗೆದುಕೊಂಡಿದೆ ಎಂದರೆ ಏನೋ ನಿಧಾನವಾಗಿ ತುಂಬಿಕೊಳ್ಳುತ್ತಿದೆ. ಹೇರ್ ಸ್ಪ್ರೇ, ಸ್ಯಾನಿಟೈಸರ್, ಪೇಂಟ್ ತಿನ್ನರ್ ಇವೂ ಸೆನ್ಸರನ್ನು ಕೆಣಕುತ್ತವೆ, ಆದರೆ ಬಳಸಿದ ಹೊತ್ತಿಗೇ. ರಾತ್ರಿ ಒಂದು ಗಂಟೆಗೆ ಯಾರೂ ಹೇರ್ ಸ್ಪ್ರೇ ಹೊಡೆದುಕೊಳ್ಳುವುದಿಲ್ಲ. ಒಗ್ಗರಣೆಯ ಮೇಲೂ ತಪ್ಪು ಹೊರಿಸುವವರಿದ್ದಾರೆ; ಒಗ್ಗರಣೆ ಎಬ್ಬಿಸುವುದು ಸಾಮಾನ್ಯವಾಗಿ ಸೂರಿನ ಹೊಗೆ ಅಲಾರಂ ಅನ್ನು, ಇದನ್ನಲ್ಲ.

ದಿನ 2

ನಿಜವಾದ ಸಿಒ ಇಲ್ಲವೆಂದು ಖಾತ್ರಿಯಾಗುವವರೆಗೆ ಅದು ಇದೆ ಎಂದೇ ಲೆಕ್ಕ. ಅಂಕಿ ತೋರಿಸುವ ಬ್ಯಾಟರಿ ಚಾಲಿತ ಸಿಒ ಮೀಟರ್ ತಂದು, ಹೊರಗಿನ ಗಾಳಿಯಲ್ಲಿ ಸೊನ್ನೆ ತೋರಿಸುತ್ತದೆಯೇ ನೋಡಿ, ಒಳಗೆ ಹಾಸಿಗೆಯ ಎತ್ತರಕ್ಕೆ ಇಟ್ಟಾಯಿತು. ಶೋರ್ ಪವರ್ ಕೇಬಲ್ ಕಿತ್ತು, ಕನ್ವರ್ಟರ್ ಬಂದ್ ಮಾಡಿ, ಉರಿಯುವ ಉಪಕರಣಗಳನ್ನು ಒಂದೊಂದಾಗಿ ಒಂದು ಗಂಟೆ ಓಡಿಸುವುದು. ಜನ ಹೊರಗೆ, ಅಂಕಿ ನೋಡುವುದು ಕಿಟಕಿಯ ಗಾಜಿನಾಚೆಯಿಂದ. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವೆ ಅರ್ಧ ತಾಸು ಬಾಗಿಲು ತೆಗೆದಿಡಬೇಕು.

ಫರ್ನೇಸನ್ನು (ಗಾಡಿ ಬೆಚ್ಚಗಿಡುವ ಹೀಟರ್) ಬೆಳಗಿನ ಜಾವ, ತಂಪಿರುವಾಗಲೇ ಓಡಿಸಬೇಕಾಯಿತು. ಬಿಸಿಲೇರಿದ ಮೇಲೆ ಥರ್ಮೋಸ್ಟ್ಯಾಟ್ ಒಪ್ಪುವುದಿಲ್ಲ. ಮೀಟರ್‌ನಲ್ಲಿ 0. ಪ್ರೊಪೇನ್ ಫ್ರಿಜ್ 0, ಜ್ವಾಲೆ ನೀಲಿಯಾಗಿತ್ತು. ಹಳದಿ ಕಂಡರೆ ಬರ್ನರ್‌ನಲ್ಲಿ ತುಕ್ಕಿನ ಪುಡಿ ಬಿದ್ದಿರಬಹುದು. ವಾಟರ್ ಹೀಟರ್ 0. ಒಲೆಯ ಎರಡು ಬರ್ನರ್ ಉರಿಸಿ, ಎಕ್ಸಾಸ್ಟ್ ಫ್ಯಾನ್ ಹಾಕದೆ ಬಿಟ್ಟಾಗ 9ಕ್ಕೆ ಏರಿತು, ಫ್ಯಾನ್ ಹಾಕಿದ ಮೇಲೆ ಇಳಿಯಿತು.

ಜನರೇಟರ್‌ಗೆ ಎರಡು ಸಲ ಪರೀಕ್ಷೆ. ಮೊದಲು ಎಲ್ಲಾ ಮುಚ್ಚಿ: 0. ಆಮೇಲೆ ಸೂರಿನ ಫ್ಯಾನ್ ಹಾಕಿ, ಕಿಟಕಿ ಮುಚ್ಚಿಯೇ ಇಟ್ಟು: 25 ನಿಮಿಷಕ್ಕೆ 17. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಿದಷ್ಟೂ ಒಳಗೆ ಒತ್ತಡ ಕುಸಿಯುತ್ತದೆ, ನೆಲದ ಸಂದುಗಳಿಂದ ಗಾಡಿಯ ಅಡಿಯ ಹೊಗೆ ಮೇಲೆ ಬರುತ್ತದೆ. ಇಂದಿನ ದೂರಿಗೆ ಇದು ಕಾರಣವಲ್ಲ, ಆದರೆ ನೆಲದಲ್ಲಿ ತೂತು ಇದೆ ಎಂಬುದು ಇಲ್ಲೇ ಗೊತ್ತಾಯಿತು.

ದಿನ 3

ಅಲಾರಂ ಬಿಚ್ಚಿದ್ದು. ಹಿಂಬದಿಯ ತಾರೀಖಿನ ಪ್ರಕಾರ ಮೂರು ವರ್ಷ ಹಳೆಯದು, ಇನ್ನೂ ಆಯಸ್ಸಿದೆ. ತಂತಿಯಲ್ಲಿ 13.4 ವೋಲ್ಟ್. ಟೆಸ್ಟ್ ಗುಂಡಿ ಒತ್ತಿದರೆ ಕೂಗುತ್ತದೆ, ಆದರೆ ಆ ಗುಂಡಿ ಪರೀಕ್ಷಿಸುವುದು ಹಾರ್ನ್ ಮತ್ತು ಸರ್ಕ್ಯೂಟನ್ನು. ಸೆನ್ಸರ್ ಅನಿಲವನ್ನು ಹಿಡಿಯುತ್ತದೆಯೇ ಎಂಬುದು ಅದರಿಂದ ತಿಳಿಯದು. ಬೇರೆ 12 ವೋಲ್ಟ್ ಬ್ಯಾಟರಿಗೆ ಜೋಡಿಸಿ ಮನೆಯ ವರಾಂಡದಲ್ಲಿ ರಾತ್ರಿಯಿಡೀ ಇಟ್ಟರೆ ತುಟಿ ಬಿಚ್ಚಲಿಲ್ಲ. ಉಪಕರಣ ಕೆಟ್ಟಿಲ್ಲ.

ದಿನ 4

ಇಡೀ ಕೆಲಸ ತಿರುಗಿದ್ದು ಈ ಪರೀಕ್ಷೆಯಲ್ಲಿ. ಪ್ರೊಪೇನ್ ಟ್ಯಾಂಕಿನ ಮುಖ್ಯ ವಾಲ್ವ್ ಬಂದ್. ಎಂಜಿನ್, ಜನರೇಟರ್ ತಣ್ಣಗೆ. ಅಕ್ಕಪಕ್ಕ ಬೇರೆ ಗಾಡಿಯಿಲ್ಲ. ಚಾಲೂ ಇರುವುದು ಶೋರ್ ಪವರ್ ಕೇಬಲ್ ಒಂದೇ. ಒಂದು ಗಂಟೆಗೆ ಮೀಟರ್ 31, ಎರಡು ಗಂಟೆಗೆ 60. 2 ಗಂಟೆ 50 ನಿಮಿಷಕ್ಕೆ ಅಲಾರಂ ಕೂಗಿತು, ಆಗ ಮೀಟರ್‌ನಲ್ಲಿ 79.

ಗಾಳಿಯಾಡಿಸಿ, ಕೇಬಲ್ ಕಿತ್ತು, ಮತ್ತೆ ಮುಚ್ಚಿ ನಾಲ್ಕು ತಾಸು: 0.

ಏನೂ ಉರಿಯುತ್ತಿಲ್ಲ, ಆದರೂ ಎರಡು ಯಂತ್ರ ಸಿಒ ಎನ್ನುತ್ತಿವೆ, ಅದೂ ಕರೆಂಟ್ ಇದ್ದಾಗ ಮಾತ್ರ. ಎರಡು ಅಲಾರಂ ಒಂದೇ ಮಾತು ಹೇಳಿದರೆ ನಂಬಲೇಬೇಕು ಎಂಬ ಲೆಕ್ಕ ತಪ್ಪುವುದು ಇಲ್ಲೇ. ಟಿನ್ ಆಕ್ಸೈಡ್ ಸೆನ್ಸರ್ ಇರಲಿ, ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಇರಲಿ, ಎರಡಕ್ಕೂ ಹೈಡ್ರೋಜನ್ ಕಂಡರೆ ಸಿಒ ಎಂದೇ ಭ್ರಮೆ. ಹೈಡ್ರೋಜನ್ ಪ್ರಭಾವವನ್ನು ಕಳೆದು ತೋರಿಸುವ ಮೀಟರ್‌ಗಳಿವೆ, ಮನೆಬಳಕೆಯವು ಹಾಗಲ್ಲ. ಗಾಡಿಯೊಳಗೆ ಕರೆಂಟಿನಿಂದ ಹೈಡ್ರೋಜನ್ ಹುಟ್ಟುವ ಜಾಗ ಒಂದೇ: ಚಾರ್ಜ್ ಆಗುತ್ತಿರುವ ಸೀಸ–ಆಮ್ಲದ ಬ್ಯಾಟರಿ.

ದಿನ 5

ಮೆಟ್ಟಿಲ ಹಲಗೆ ಎತ್ತುವ ಮೊದಲು ಬಾಗಿಲು ಹಾರುಹೊಡೆದು ಹತ್ತು ನಿಮಿಷ ಕಾದದ್ದು, ಕನ್ನಡಕ, ಕೈಗವಸು. ಪಕ್ಕದಲ್ಲಿ ಅಡುಗೆ ಸೋಡಾ ಕಲಸಿದ ಒಂದು ಬಕೆಟ್ ನೀರು. ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಡಿಯಿತು. ಪ್ರೊಪೇನ್‌ಗೆ ಬೆರೆಸುವ ವಾಸನೆಯನ್ನೂ ಜನ ಹೀಗೇ ವರ್ಣಿಸುತ್ತಾರೆ, ಆದ್ದರಿಂದ ಎಷ್ಟೋ ಕಡೆ ಪ್ರೊಪೇನ್ ಪೈಪ್ ಹುಡುಕುತ್ತಾ ದಿನ ಕಳೆಯುತ್ತದೆ. ಇಲ್ಲಿ ಟ್ಯಾಂಕ್ ನಿನ್ನೆಯಿಂದ ಬಂದ್. ಇದು ಅತಿಯಾಗಿ ಚಾರ್ಜ್ ಆದ ಬ್ಯಾಟರಿಯ ಹೈಡ್ರೋಜನ್ ಸಲ್ಫೈಡ್.

ಗೋಡೆಯ ಪ್ಯಾನೆಲ್ ಬ್ಯಾಟರಿ ‘ಫುಲ್’ ಎನ್ನುತ್ತಿತ್ತು. ಎರಡೂ ಬ್ಯಾಟರಿ ಸೇರಿಸಿ ಮಲ್ಟಿಮೀಟರ್ ಇಟ್ಟರೆ 13.6 ವೋಲ್ಟ್, ಪುಸ್ತಕದಲ್ಲಿದ್ದಂತೆ. ಒಂದೊಂದನ್ನೇ ಅಳೆದಾಗ ಬಣ್ಣ ಬಯಲಾಯಿತು: ಎಡಗಡೆಯದು 8.1, ಬಲಗಡೆಯದು 5.5. ಎರಡೂ 6.8 ಆಸುಪಾಸು ಇರಬೇಕಿತ್ತು.

ಪ್ರತಿ ಬ್ಯಾಟರಿಯಲ್ಲಿ ಮೂರು ಸೆಲ್; ಬಲಗಡೆಯದರಲ್ಲಿ ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ. ಆರು ಸೆಲ್‌ಗೆ ಹಂಚಿಹೋಗಬೇಕಿದ್ದ 13.6 ವೋಲ್ಟ್ ಐದರ ಮೇಲೆ ಬಿದ್ದರೆ ತಲಾ 2.72. ಸುಮಾರು 2.4 ದಾಟಿದರೆ ಸೀಸದ ಸೆಲ್ ಜೋರಾಗಿ ನೀರೊಡೆಯಲು, ಅಂದರೆ ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಬಿಡಿಸಲು, ಶುರುಮಾಡುತ್ತದೆ. ಕನ್ವರ್ಟರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ, ಒಳ್ಳೆಯ ಐದು ಸೆಲ್ ಕುದಿಯುತ್ತಿವೆ. ಕ್ಲಾಂಪ್ ಮೀಟರ್ 11 ಆಂಪ್ ತೋರಿಸಿತು. ತುಂಬಿದ ಬ್ಯಾಟರಿಯಾದರೆ 1–2ರೊಳಗೆ ಇಳಿದಿರಬೇಕು. ಕೇಬಲ್ ಕಿತ್ತ ಮೇಲೆ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೊಮೀಟರ್ ಹಾಕಿದರೆ ಐದು ಸೆಲ್ 1.270ರ ಸುತ್ತ, ಆರನೆಯದು 1.120. ಪ್ಲೇಟುಗಳ ತಲೆ ನೀರಿನಿಂದ ಮೇಲೆ ಕಾಣುತ್ತಿತ್ತು.

ಲೆಕ್ಕ ಹಾಕಿ ನೋಡಿದ್ದು: ನೀರೊಡೆಯುವುದಕ್ಕೇ ಹೋದ ಪ್ರತಿ ಆಂಪ್–ಗಂಟೆಗೆ ಒಂದು ಸೆಲ್‌ನಿಂದ ಸುಮಾರು 0.45 ಲೀಟರ್ ಹೈಡ್ರೋಜನ್. 11 ಆಂಪ್, ಐದು ಸೆಲ್, ಗಂಟೆಗೆ 25 ಲೀಟರ್. ಒಳಗಿನ ಜಾಗ ಸುಮಾರು 25 ಘನ ಮೀಟರ್. ಹತ್ತರಲ್ಲಿ ಒಂದು ಪಾಲು ಒಳಗೆ ನುಗ್ಗಿದರೂ ಗಂಟೆಗೆ 100 ಪಿಪಿಎಂ ಹೈಡ್ರೋಜನ್ ಏರುತ್ತದೆ. ಸೆನ್ಸರ್ ಅದರಲ್ಲಿ ಶೇ 30ರಷ್ಟನ್ನು ಸಿಒ ಎಂದು ಓದಿದರೆ ಗಂಟೆಗೆ 30. ಸೆನ್ಸರ್‌ನಿಂದ ಸೆನ್ಸರ್‌ಗೆ ಈ ಪ್ರಮಾಣ ಬೇರೆ, ಆದರೆ ನಿನ್ನೆಯ 31, 60, 79 ಇದಕ್ಕೆ ಎಷ್ಟು ಒಗ್ಗುತ್ತವೆ ನೋಡಿ.

ಇದನ್ನು ‘ಸುಳ್ಳು ಅಲಾರಂ’ ಎಂದು ಬರೆದು ಕಡತ ಮುಚ್ಚಲು ಮನಸ್ಸಾಗದ್ದು ಪೆಟ್ಟಿಗೆಯ ಲೆಕ್ಕ ಹಾಕಿದ ಮೇಲೆ. ಗಾಳಿಯಲ್ಲಿ ಹೈಡ್ರೋಜನ್ ಶೇ 4 ಮುಟ್ಟಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಪೆಟ್ಟಿಗೆಯ ಖಾಲಿ ಜಾಗ 60 ಲೀಟರ್ ಎಂದರೆ ಶೇ 4 ಅಂದರೆ 2.4 ಲೀಟರ್, ಏನೂ ಹೊರಹೋಗದಿದ್ದರೆ ಆರು ನಿಮಿಷದ ಉತ್ಪಾದನೆ. ಅಲಾರಂ ಹೆಸರು ತಪ್ಪು ಹೇಳಿತು, ಅಪಾಯ ತಪ್ಪು ಹೇಳಲಿಲ್ಲ. ಕೂಗುತ್ತದೆಂದು ಅದರ ಫ್ಯೂಸ್ ಕಿತ್ತು ಮಲಗುವವರಿದ್ದಾರೆ, ಅವರ ಗಮನಕ್ಕೆ.

ಹೊರಹೋಗುವ ದಾರಿಯೂ ಇರಲಿಲ್ಲ. ಪೆಟ್ಟಿಗೆಯ ಗಾಳಿಕಿಂಡಿಯ ಜಾಲರಿಗೆ ಕಣಜವೊಂದು ಮಣ್ಣಿನ ಗೂಡು ಮೆತ್ತಿತ್ತು. ತೆರೆದಿದ್ದ ದಾರಿ ಒಂದೇ: ಕನ್ವರ್ಟರ್ ಕಡೆ ದಪ್ಪ ತಂತಿಗಳು ಹೋಗುವ ಎರಡು ಅಂಗುಲದ ತೂತು, ಸೀದಾ ಸೀಟಿನಡಿಗೆ. ಮೊನ್ನೆ ಜನರೇಟರ್ ಹೊಗೆ ಬಂದದ್ದಕ್ಕೂ ಇದೇ ದಾರಿ ಇದ್ದಿರಬೇಕು.

ದಿನ 6

ಶೋರ್ ಪವರ್ ಬಂದ್ ಮಾಡಿ, ಪೆಟ್ಟಿಗೆ ಗಾಳಿಗೆ ಬಿಟ್ಟು, ನೆಗೆಟಿವ್ ಕೇಬಲ್ ಮೊದಲು. ಕರೆಂಟ್ ಹರಿಯುತ್ತಿರುವಾಗ ಕೇಬಲ್ ಕಿತ್ತರೆ ಕಿಡಿ ಗ್ಯಾರಂಟಿ, ಅದೂ ಹೈಡ್ರೋಜನ್ ಮಧ್ಯೆ. ಎರಡೂ ಬ್ಯಾಟರಿ ಬದಲು. ಒಂದನ್ನೇ ಹಾಕಿದರೆ ಹಳೆಯದು ಹೊಸದನ್ನೂ ಹಾಳುಮಾಡುತ್ತದೆ. ಮತ್ತೆ ಜೋಡಿಸುವಾಗ ಪ್ಲಸ್–ಮೈನಸ್ ಅದಲುಬದಲಾದರೆ ಕನ್ವರ್ಟರ್‌ನ ರಿವರ್ಸ್ ಪೊಲಾರಿಟಿ ಫ್ಯೂಸ್‌ಗಳು ಹಾರುತ್ತವೆ, ಎರಡು ಬಿಡಿ ಫ್ಯೂಸ್ ಹತ್ತಿರ ಇಟ್ಟುಕೊಂಡಿರುವುದು ಒಳ್ಳೆಯದು.

ಕಣಜದ ಗೂಡು ಕೆರೆದು, ಕೆಳಗೊಂದು ಮೇಲೊಂದು ಕಿಂಡಿ ಶುದ್ಧ, ಹೊಸ ಸ್ಟೀಲ್ ಜಾಲರಿ. ತಂತಿಯ ತೂತಿಗೆ ರಬ್ಬರ್ ಗ್ರೊಮೆಟ್, ಸುತ್ತ ಬ್ಯೂಟೈಲ್ ಟೇಪ್ ತುರುಕಿದ್ದು. ಕೈಗೆ ಮೊದಲು ಸಿಗುವುದು ಸಿಲಿಕೋನ್ ಸೀಲೆಂಟ್, ಅದನ್ನು ಬೇಕೆಂದೇ ಬಿಟ್ಟಿದೆ. ಸಿಲಿಕೋನ್ ಆವಿ ಟಿನ್ ಆಕ್ಸೈಡ್ ಸೆನ್ಸರ್‌ಗೆ ವಿಷ, ಮಂಕಾದ ಸೆನ್ಸರ್ ನಾಳೆ ನಿಜವಾದ ಅನಿಲಕ್ಕೂ ಕೂಗದಿರಬಹುದು.

ದಿನ 7, 8

ದಿನ 4ರ ಪರೀಕ್ಷೆಯೇ ಮತ್ತೆ, ಎರಡು ರಾತ್ರಿ. ಮೀಟರ್ 0. ಬ್ಯಾಟರಿಗಳು 6.80 ಮತ್ತು 6.79, ಕರೆಂಟ್ 0.6 ಆಂಪ್. ಸೂರಿನ ಫ್ಯಾನ್ ಹಾಕಿ ಜನರೇಟರ್ ಓಡಿಸಿದರೆ ಈಗ 3. ಪೂರ್ತಿ ನಿಂತಿಲ್ಲ. ಫ್ಯಾನ್ ಹಾಕುವಾಗ ಜನರೇಟರ್ ಹೊಗೆಯ ಎದುರು ಬದಿಯ ಒಂದು ಕಿಟಕಿ ತೆರೆದಿಟ್ಟರೆ 0.

ಬಾಕಿ

ಈ ಕನ್ವರ್ಟರ್‌ಗೆ ತಾಪಮಾನ ನೋಡುವ ತಂತಿಯಿಲ್ಲ. 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ 12 ವೋಲ್ಟ್ ಬ್ಯಾಟರಿ ಜೋಡಿಯ ಚಾರ್ಜಿಂಗ್ ವೋಲ್ಟೇಜನ್ನು ಸುಮಾರು 0.03 ವೋಲ್ಟ್ ಇಳಿಸಬೇಕು. ಫೀನಿಕ್ಸ್‌ನ ಬೇಸಿಗೆಯಲ್ಲಿ ಪೆಟ್ಟಿಗೆ 40 ಮುಟ್ಟಿದರೆ 13.6 ಬದಲು ಸುಮಾರು 13.15 ಸಾಕು. ಅದನ್ನು ಬದಲಿಸುವವರೆಗೆ ಗಾಡಿ ಸುಮ್ಮನೆ ನಿಂತಾಗ ಕೇಬಲ್ ಕಿತ್ತಿಟ್ಟು, ವಾರಕ್ಕೊಂದು ರಾತ್ರಿ ಮಾತ್ರ ಚಾರ್ಜ್. ಲಿಥಿಯಂ ಐರನ್ ಫಾಸ್ಫೇಟ್ ಹಾಕಿದರೆ ನೀರೂ ಇಲ್ಲ, ಹೈಡ್ರೋಜನ್ ತಲೆನೋವೂ ಇಲ್ಲ. ಆದರೆ ಕನ್ವರ್ಟರ್ ಮತ್ತು ಆಲ್ಟರ್ನೇಟರ್ ಎರಡೂ ಅದಕ್ಕೆ ಹೊಂದಬೇಕು, ಆ ಖರ್ಚು ಸದ್ಯಕ್ಕೆ ಬೇಡ.

ನೀರಿನ ಮಟ್ಟ ತಿಂಗಳಿಗೊಮ್ಮೆ, ಡಿಸ್ಟಿಲ್ಡ್ ವಾಟರ್, ಪೂರ್ತಿ ಚಾರ್ಜ್ ಆದ ಮೇಲೆ, ನೀರು ಹಾಕುವ ತೂತಿನ ಕೊರಳಿನ ಕೆಳತುದಿಗಿಂತ 3 ಮಿಲಿಮೀಟರ್ ಕೆಳಗಿನವರೆಗೆ. ಅಂದೇ ಎರಡೂ ಬ್ಯಾಟರಿಯ ವೋಲ್ಟೇಜ್ ಬೇರೆಬೇರೆಯಾಗಿ ಅಳೆದು ಮೆಟ್ಟಿಲ ಹಲಗೆಯ ಒಳಮೈಗೆ ಅಂಟಿಸಿದ ಚೀಟಿಯಲ್ಲಿ ಬರೆಯುವುದು. ಚೀಟಿಯ ಮೊದಲ ಸಾಲು: 6.80, 6.79.