ಸ್ಟೇಷನ್ನಿಂದ ಮನೆಗೆ?

ಸೈಟ್ ಮಾರುವ ಹುಡುಗ ಸೋಮವಾರ ಬಂದು ಹೋದ. ಅವತ್ತು ದೊಡ್ಡಮ್ಮ ಅವನಿಗೆ ಕೇಳಿದ ಪ್ರಶ್ನೆ ಈ ವಾರವಿಡೀ ನನ್ನ ತಲೆಯಲ್ಲೇ ಕೂತಿದೆ. ತೋಟದಲ್ಲಿ ಓಡಾಡುವಾಗಲೂ ಅದೇ, ರಾತ್ರಿ ದೀಪ ಆರಿಸಿದ ಮೇಲೂ ಅದೇ.

ಕಾಫಿಗೆ ಒಳ್ಳೆ ರೇಟು ಸಿಗುತ್ತಿರುವುದು ಊರೂರಿಗೆಲ್ಲ ಗೊತ್ತಾಗಿದೆ. ಕುಯ್ಲು ಮುಗಿಯುವ ಹೊತ್ತಿಗೆ ನಮ್ಮ ಕೊಡಗಿನ ಸುಂಟಿಕೊಪ್ಪದ ಸುತ್ತಮುತ್ತ ಹೊಸ ಮುಖಗಳು ಕಾಣಿಸುತ್ತವೆ. ಇವನನ್ನು ಕರೆದುಕೊಂಡು ಬಂದದ್ದು ನಮ್ಮದೇ ನೆಂಟರೊಬ್ಬರು. ಅವರ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ. ಯಾರ ಮನೆಗೆ ದುಡ್ಡು ಬಂತು ಅನ್ನೋದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತೆ, ಯಾರ ಮನೆಯಲ್ಲಿ ಕಾಯಿಲೆ ಇದೆ ಅನ್ನೋದು ಎಲ್ಲರಿಗಿಂತ ಕೊನೆಗೆ. ಹುಡುಗ ಮಾತ್ರ ಒಳ್ಳೆಯವನೇ. ಮಂಡ್ಯ ಕಡೆಯ ಮಾತು. ಕಣದ ಅಂಚಿನಲ್ಲೇ ಶೂ ಬಿಚ್ಚಿಟ್ಟು, ಒಣಗಲು ಹಾಕಿದ ಕಾಫಿಯನ್ನು ತುಳಿಯದಂತೆ ಸುತ್ತಿಕೊಂಡು ಬಂದ. ಅಷ್ಟು ಗಮನ ಇರುವವರು ಈಗ ಕಡಿಮೆ.

ದೊಡ್ಡಮ್ಮ ಕಣದಲ್ಲೇ ಇದ್ದರು. ಮರದ ಹಲಗೆಯಲ್ಲಿ ಚೆರ್ರಿ, ಅಂದರೆ ಕಾಫಿ ಹಣ್ಣು, ಎಳೆಯುತ್ತಾ, ತಿರುವುತ್ತಾ. ಅವರು ಪಕ್ಕದ ತೋಟದವರು, ನಮಗೆ ದೂರದ ಸಂಬಂಧ. ಕೈ ಬಿಗಿ. ಹಟವೂ ಜಾಸ್ತಿ. ಆದರೆ ಲೆಕ್ಕದಲ್ಲಿ ಅವರನ್ನು ಯಾಮಾರಿಸಿದವರು ಈವರೆಗೆ ಯಾರೂ ಇಲ್ಲ. ಅವರ ಒಬ್ಬನೇ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹುಡುಗ ಬಂದದ್ದೂ ಅದೇ ಕಾರಣಕ್ಕೆ.

ಅವನು ಒಂದು ದೊಡ್ಡ ನುಣುಪು ಕಾಗದ ಬಿಡಿಸಿ ಜಗಲಿ ಮೇಲೆ ಹಾಸಿದ. ನೇರಳೆ ಬಣ್ಣದ ಒಂದು ಗೆರೆ, ಬೆಂಗಳೂರು ಮೆಟ್ರೋದ್ದು. ಗೆರೆ ಮೇಲೆ ಬಿಳಿ ಚುಕ್ಕೆಗಳು: ಮೈಸೂರು ರಸ್ತೆ, ರಾಜರಾಜೇಶ್ವರಿ ನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ, ಚಲ್ಲಘಟ್ಟ. ಗೆರೆ ಅಲ್ಲಿಗೆ ನಿಲ್ಲದೆ ಅಷ್ಟೇ ದಪ್ಪದಲ್ಲಿ, ಅದೇ ಬಣ್ಣದಲ್ಲಿ ಬಿಡದಿ ತನಕ ಹೋಗಿತ್ತು. ಬಿಡದಿ ಪಕ್ಕದಲ್ಲಿ ಒಂದು ಕೆಂಪು ನಕ್ಷತ್ರ. ಅದೇ ಅವನ ಲೇಔಟು. ಓಡುತ್ತಿರುವ ರೈಲು ಯಾವುದು, ಇನ್ನೂ ಪ್ರಸ್ತಾಪದಲ್ಲೇ ಇರೋದು ಯಾವುದು ಅಂತ ಆ ಕಾಗದ ನೋಡಿದರೆ ಯಾರಿಗೂ ಗೊತ್ತಾಗಲ್ಲ. ಚಲ್ಲಘಟ್ಟದಿಂದ ಬಿಡದಿಗೆ ಸುಮಾರು 15 ಕಿಲೋಮೀಟರ್. ಅಲ್ಲಿಗೆ ಮೆಟ್ರೋ ಎಳೆಯಬಹುದಾ ಅಂತ ಅಧ್ಯಯನ ಮಾಡಿಸುವ ಮಾತು ನಡೆದಿದೆ, ನಿಜ. ಅಧ್ಯಯನ ಬೇರೆ, ಕಂಬ ಏಳೋದು ಬೇರೆ. ಕಾಗದದ ಮೇಲೆ ಎರಡೂ ಒಂದೇ ಆಗಿತ್ತು.

“ಈಗ ಬಿಡದಿ ಅಂದ್ರೆ ಬೆಂಗಳೂರೇ ಅಮ್ಮ. ಜಿಲ್ಲೆ ಹೆಸರೇ ಬೆಂಗಳೂರು ದಕ್ಷಿಣ ಅಂತ ಆಗೋಯ್ತು,” ಅಂದ ಹುಡುಗ. ಹೌದು, 2025ರಲ್ಲಿ ರಾಮನಗರ ಜಿಲ್ಲೆಗೆ ಆ ಹೆಸರಿಟ್ಟರು. “ನಿಮ್ಮ ಮಗ ಇಲ್ಲಿ ಮನೆ ಕಟ್ಟಿದ್ರೆ ಮೆಟ್ರೋ ಹತ್ತಿ ಸೀದಾ ಆಫೀಸಿಗೆ.”

ದೊಡ್ಡಮ್ಮ ಹಲಗೆ ಗೋಡೆಗೆ ಒರಗಿಸಿ, ಸೆರಗಲ್ಲಿ ಕೈ ಒರೆಸಿಕೊಂಡು, ಬಗ್ಗಿ ಕಾಗದ ನೋಡಿದರು. ಬಿಳಿ ಚುಕ್ಕೆ ಮೇಲೆ ಬೆರಳಿಟ್ಟರು. ಅಲ್ಲಿಂದ ನಕ್ಷತ್ರದ ತನಕ ಬೆರಳು ಎಳೆದರು.

“ಸ್ಟೇಷನ್ನಿಂದ ಮನೆಗೆ?”

ಹುಡುಗನಿಗೆ ಅರ್ಥ ಆಗಲಿಲ್ಲ. “ಹತ್ರಾನೇ ಅಮ್ಮ.”

“ಹತ್ರ ಅಂದ್ರೆ? ರಾತ್ರಿ ಒಂಬತ್ತಕ್ಕೆ ಇಳಿತಾನೆ ಅಂತಿಟ್ಕೋ. ಮನೆಗೆ ಹೇಗೆ ಹೋಗ್ತಾನೆ?”

“ಸ್ಟೇಷನ್ ಬಂದ್ರೆ ಎಲ್ಲಾ ತಾನಾಗೇ ಬರುತ್ತೆ ಅಮ್ಮ. ರೋಡು, ಬಸ್ಸು, ಅಂಗಡಿ, ಎಲ್ಲಾ.”

ದೊಡ್ಡಮ್ಮ ಏನೂ ಅನ್ನಲಿಲ್ಲ. ಕಾಗದದ ಮೇಲಿಂದ ಬೆರಳು ತೆಗೆದು ಮತ್ತೆ ಹಲಗೆ ಹಿಡಿದರು. ಎಲ್ಲಾ ತಾನಾಗೇ ಬರುತ್ತೆ! ಎಷ್ಟು ಸಲೀಸಾಗಿ ಹೇಳಿಬಿಟ್ಟ.

ಅವರು ಅದನ್ನು ಯಾಕೆ ಕೇಳಿದರು ಅನ್ನೋದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಬಸ್ಸು ಮೇನ್ ರೋಡಿನಲ್ಲಿ ತೋಟದ ಗೇಟಿನ ಹತ್ರ ಇಳಿಸಿ ಹೋಗುತ್ತೆ. ಗೇಟಿಂದ ಮನೆಗೆ ಒಂದು ಕಿಲೋಮೀಟರೋ ಎರಡೋ ನಡಿಗೆ. ಮಳೆಗಾಲದಲ್ಲಿ ಜಿಗಣೆ, ಕತ್ತಲಾದ ಮೇಲೆ ಕಾಡಾನೆ. ಆ ಮಗ ಕಾಲೇಜಿಗೆ ಹೋಗುವ ಕಾಲದಲ್ಲಿ ಬಸ್ಸು ತಡವಾದರೆ ದೊಡ್ಡಮ್ಮ ಟಾರ್ಚ್ ಹಿಡಿದು ಗೇಟಿನ ತನಕ ಬಂದು ನಿಲ್ಲುತ್ತಿದ್ದರು. ನಾನೇ ನೋಡಿದ್ದೇನೆ. ತೋಟದ ಕಾರ್ಮಿಕರ ಲೈನ್ ಮನೆಯ ಒಂದು ಹುಡುಗಿ ಈಗ ಮಡಿಕೇರಿಗೆ ಓದಲು ಹೋಗ್ತಾಳೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲ. ಅವಳಿಗೆ ಅದರಿಂದ ದೊಡ್ಡ ಅನುಕೂಲ ಆಗಿದೆ. ಆದರೆ ಮೇನ್ ರೋಡ್ ಬಿಟ್ಟು ಒಳಗಿನ ದಾರಿಗೆ ಬರೋದು ಖಾಸಗಿ ಬಸ್ಸೇ. ಅದಕ್ಕೆ ಆ ಯೋಜನೆ ಇಲ್ಲ, ಸಂಜೆ ಮೇಲೆ ಆ ಬಸ್ಸೂ ಇಲ್ಲ. ಮಡಿಕೇರಿಯಿಂದ ಗೇಟಿನವರೆಗೆ ಅವಳಿಗೆ ಭಯ ಇಲ್ಲ. ಭಯ ಶುರುವಾಗೋದೇ ಗೇಟಿಂದ.

ಇಂಥ ಊರಿನವರಿಗೆ ಬಸ್ಸಾಗಲಿ ರೈಲಾಗಲಿ, ಮನೆ ಬಾಗಿಲ ತನಕದ ದಾರಿಯೂ ಸೇರಿದರೇ ಪ್ರಯಾಣ ಪೂರ್ತಿ. ಮೆಟ್ರೋ ನಕ್ಷೆ ಬರೆಯುವವರು ನಮ್ಮ ಗೇಟಿನ ಹತ್ರ ಒಂದು ವಾರ ಇಳಿದು ನಡೆಯಬೇಕು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತೆ.

ಆ ಮಗನ ಕಥೆಯನ್ನೇ ನೋಡಿ. ಕೆಲಸ ಸಿಕ್ಕಿದ ಹೊಸದರಲ್ಲಿ ವಿಜಯನಗರದಲ್ಲಿ ರೂಮು ಮಾಡಿದ್ದ. 2015ರಲ್ಲಿ ಮೆಟ್ರೋ ಮೈಸೂರು ರಸ್ತೆ ತನಕ ಬಂತು. ಬಾಡಿಗೆ ಏರಿತು. ಮದುವೆ ಆದಮೇಲೆ ರಾಜರಾಜೇಶ್ವರಿ ನಗರಕ್ಕೆ ಹೋದ. 2021ರ ಆಗಸ್ಟ್‌ನಲ್ಲಿ ರೈಲು ಕೆಂಗೇರಿ ಮುಟ್ಟಿತು. ಅಲ್ಲೂ ಬಾಡಿಗೆ ಏರಿತು. ಕೆಂಗೇರಿ ದಾಟಿ ಒಳಗಡೆ ಮನೆ ಹಿಡಿದ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ನೇರಳೆ ಮಾರ್ಗ ಪೂರ್ತಿ ಆಯ್ತು, 43 ಕಿಲೋಮೀಟರ್ ಮೇಲೆ. ಇವನ ಆಫೀಸು ಆ ತುದಿಯಲ್ಲಿ, ಮನೆ ಈ ತುದಿಯಲ್ಲಿ. ಈಗ ಅವನನ್ನು ಬಿಡದಿಗೆ ಕರೆಯುತ್ತಿದ್ದಾರೆ. ರೈಲು ಮುಂದೆ ಬಂದ ಹಾಗೆಲ್ಲ ಇವನು ಹಿಂದೆ ಹಿಂದೆ ಸರಿಯುತ್ತಾ ಹೋದ. ಮನೆಯಿಂದ ಆಫೀಸಿಗೆ ಹಿಡಿಯುವ ಹೊತ್ತು ಮಾತ್ರ ಕಡಿಮೆ ಆಗಲೇ ಇಲ್ಲ.

ನನಗೆ ಮೆಟ್ರೋ ಮೇಲೆ ಕೋಪ ಇಲ್ಲ. ಅದು ಬರುವ ಮೊದಲು ನಮ್ಮ ಬಸ್ಸು ಕೆಂಗೇರಿಯಿಂದ ಸ್ಯಾಟಲೈಟ್ ನಿಲ್ದಾಣಕ್ಕೆ ತೆವಳುತ್ತಿದ್ದದ್ದು ಕೊಡಗಿನವರಿಗೆಲ್ಲ ನೆನಪಿರುತ್ತೆ. ಮೈಸೂರು ದಾಟಿ ಬಂದಷ್ಟೇ ಸುಸ್ತು ಆ ಕೊನೆಯ ದಾರಿಗೇ ಆಗುತ್ತಿತ್ತು. ಈಗ ನಾವು ಎಷ್ಟೋ ಜನ ಕೆಂಗೇರಿಯಲ್ಲೇ ಇಳಿದು ಮೆಟ್ರೋ ಹತ್ತುತ್ತೇವೆ. ನಮ್ಮ ಮನೆ ಮುಂದಿನ 275ನೇ ಹೆದ್ದಾರಿಯೇ ಬಿಡದಿ, ಕೆಂಗೇರಿ ಮುಂದೆಯೂ ಹಾಯುತ್ತೆ. ಹಾಗಾಗಿ ಆ ಗೆರೆ ಎಲ್ಲಿಗೆ ಬಂದು ನಿಲ್ಲುತ್ತೆ ಅನ್ನೋದು ನಮಗೂ ಸಂಬಂಧಪಟ್ಟ ವಿಷಯ. ಹೊರವಲಯಕ್ಕೆ ರೈಲು ಬೇಕು. ಖಂಡಿತ ಬೇಕು. ದಿನಾ ಎರಡು ಗಂಟೆ ಬೈಕಿನ ಮೇಲೆ ಹೊಗೆ ಕುಡಿಯುವವರಿಗೆ ಬೇಡ ಅಂತ ಹೇಳೋಕೆ ನಾನು ಯಾರು?

ಆದರೆ ‘ತಾನಾಗೇ ಬರುತ್ತೆ’ ಅನ್ನೋ ಮಾತನ್ನು ಒಪ್ಪಲಾರೆ. ಬೊಮ್ಮಸಂದ್ರದ ಹಳದಿ ಮಾರ್ಗವನ್ನೇ ತಗೊಳ್ಳಿ. ಎರಡನೇ ಹಂತಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2014ರಲ್ಲಿ. ಎಲೆಕ್ಟ್ರಾನಿಕ್ ಸಿಟಿ ಮೇಲೆ ಹಾಯುವ ಆ 19 ಕಿಲೋಮೀಟರ್ ಜನರಿಗೆ ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ. ಕಂಬ ಎದ್ದು, ಹಳಿ ಬಿದ್ದು, ನಿಲ್ದಾಣ ಸಿದ್ಧವಾದ ಮೇಲೂ ರೈಲು ಬೋಗಿಗಳಿಗೆ ಕಾಯಬೇಕಾಯ್ತು. ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ರೈಲು ಮಾರ್ಗಕ್ಕೆ ರೈಲೇ ತಾನಾಗಿ ಬರಲಿಲ್ಲ. ಇನ್ನು ಒಳರಸ್ತೆಗೆ ಬಸ್ಸು, ದೀಪ, ನಡೆಯೋಕೆ ಒಂದು ಫುಟ್‌ಪಾತು ತಾನಾಗಿ ಬರುತ್ತಾ?

ತಾನಾಗಿ ಬರೋದು ಒಂದೇ, ಜಾಗದ ರೇಟು. ಅದಕ್ಕೆ ಕಂಬವೂ ಬೇಡ, ಅಧ್ಯಯನವೂ ಮುಗಿಯಬೇಕಿಲ್ಲ. ಪೇಪರಿನಲ್ಲಿ ಒಂದು ಸುದ್ದಿ ಸಾಕು. ಗೆರೆ ಎಳೆಯಲು ಹೋಗುವ ಸಾವಿರಾರು ಕೋಟಿ ನಮ್ಮೆಲ್ಲರ ತೆರಿಗೆ ದುಡ್ಡು, ಸಾಲದ ದುಡ್ಡು. ಅದರಿಂದ ಏರಿದ ಬೆಲೆ ಮಾತ್ರ ಮೊದಲೇ ಜಮೀನು ಹಿಡಿದಿಟ್ಟವರ ಜೇಬಿಗೆ. ರಾಗಿ ಬೆಳೆಯುತ್ತಿದ್ದ ರೈತ ಸುದ್ದಿ ಬರುವ ಮುಂಚೆಯೇ ಮಾರಿ ಆಗಿರುತ್ತೆ. ಸೈಟು ಕೊಳ್ಳುವವನು ಸುದ್ದಿ ಬಂದ ಮೇಲೆ ಬರ್ತಾನೆ. ನಷ್ಟ ಇವರಿಬ್ಬರದೇ. ನಡುವೆ ಇರುವವರಿಗೆ ಯಾವತ್ತೂ ನಷ್ಟ ಇಲ್ಲ. ನಮ್ಮ ನೆಂಟರನ್ನು ನೋಡಿದರೆ ಗೊತ್ತಾಗುತ್ತೆ.

ಅವತ್ತು ನಾನೂ ಒಂದು ಮಾತು ಕೇಳಿದೆ. “ಬಿಡದಿಗೆ ರೈಲು ಈಗಾಗಲೇ ಇದೆಯಲ್ಲಪ್ಪ?”

“ಅದು ರೈಲು ಮೇಡಂ. ಇದು ಮೆಟ್ರೋ,” ಅಂದ.

ಅವನು ಹೇಳಿದ ರೀತಿಯಲ್ಲಿ ಆ ರೈಲು ಲೆಕ್ಕಕ್ಕೇ ಇರಲಿಲ್ಲ. ಬೆಂಗಳೂರು–ಮೈಸೂರು ಹಳಿ ಜೋಡಿ ಮಾರ್ಗ ಆಗಿದೆ, ವಿದ್ಯುತ್ ಬಂದಿದೆ. ಬಿಡದಿಯಲ್ಲೂ ಕೆಂಗೇರಿಯಲ್ಲೂ ನಿಲ್ದಾಣ ಇದೆ. ಅದರ ಮೇಲೆ ಬೆಳಿಗ್ಗೆ ಸಂಜೆ ಹತ್ತು ಹದಿನೈದು ನಿಮಿಷಕ್ಕೊಂದು ಸಣ್ಣ ರೈಲು ಓಡಿಸಲು ಆಗುವಂತಿದ್ದರೆ ಬಿಡದಿಯವರು ಇವತ್ತೇ ಆರಾಮಾಗಿ ಓಡಾಡುತ್ತಿದ್ದರು. ಉಪನಗರ ರೈಲು ಅಂತ 148 ಕಿಲೋಮೀಟರ್‌ನ ನಾಲ್ಕು ಮಾರ್ಗಗಳ ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯ್ತು. ಅದರಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗುವ ಮಾರ್ಗವೂ ಇದೆ. ದೂರದ ಊರುಗಳಿಗೆ ಸರಿಹೋಗೋದು ಅದೇ ರೈಲು. ನಿಲ್ದಾಣಗಳ ನಡುವೆ ದೂರ ಜಾಸ್ತಿ, ಹಾಗಾಗಿ ವೇಗವೂ ಜಾಸ್ತಿ. ಮೆಟ್ರೋ ಕಿಲೋಮೀಟರಿಗೊಂದು ಕಡೆ ನಿಂತು ನಿಂತು ಹೋಗುವ ಗಾಡಿ. ಊರೊಳಗೆ ಅದು ಚೆನ್ನ. ಅದನ್ನೇ ಬಿಡದಿ, ಹಾರೋಹಳ್ಳಿ, ಅತ್ತಿಬೆಲೆ ಅಂತ ಎಳೆಯುತ್ತಾ ಹೋದರೆ ಈ ತುದಿಯಲ್ಲಿ ಕೂತವನು ಆ ತುದಿಗೆ ಯಾವಾಗ ಮುಟ್ಟಬೇಕು?

ದುಡ್ಡೂ ಹಾಗೆಯೇ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಹೋಗಿ ಬರೋಕೆ 180. ತುದಿಯಲ್ಲಿ ಬಾಡಿಗೆ ಕಡಿಮೆ ಅಂತ ಹೋದವನು ಉಳಿಸಿದ್ದನ್ನೆಲ್ಲ ಟಿಕೆಟಿಗೆ ಹಾಕ್ತಾನೆ. ಮೇಲೆ ಆಟೋ. ದೊಡ್ಡಮ್ಮನ ಮಗ ಹೇಳೋದೂ ಇದನ್ನೇ: ಅಷ್ಟು ದೂರದ ರೈಲಲ್ಲಿ ಏನೂ ಕಷ್ಟ ಇಲ್ಲ, ಸ್ಟೇಷನ್ ಮೆಟ್ಟಿಲು ಇಳಿದ ಮೇಲೆಯೇ ಕಷ್ಟ. ರಾತ್ರಿ ಆಟೋದವರು ಬಾಯಿಗೆ ಬಂದಷ್ಟು ಕೇಳ್ತಾರೆ. ಸ್ಟೇಷನ್ನಿಂದ ಸುತ್ತಲಿನ ಬಡಾವಣೆಗೆ ಹೋಗುವ ಫೀಡರ್ ಬಸ್ಸು ಇದೆ, ಅವನ ಮನೆ ಕಡೆಗೆ ಇಲ್ಲ. ನಾನೂ ಅವನ ಮನೆಗೆ ಹೋಗಿದ್ದೇನೆ. ಮೆಟ್ರೋದೊಳಗೆ ತಣ್ಣಗಿತ್ತು, ಸ್ವಚ್ಛವಾಗಿತ್ತು. ಇಳಿದು ಒಳರಸ್ತೆಗೆ ಬಂದರೆ ಅಗೆದು ಬಿಟ್ಟ ಮೋರಿ, ಅದರ ಮೇಲೆ ಅಡ್ಡ ಹಾಕಿದ ಒಂದು ಹಲಗೆ. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು, ಮೊಬೈಲ್ ದೀಪ ಹಿಡಿದು ಅದನ್ನು ದಾಟುತ್ತಿದ್ದಳು. ಅವಳ ಹೆಗಲಲ್ಲಿ ಆಫೀಸಿನ ಬ್ಯಾಗು, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ. ಮಗು ನಿದ್ದೆ ಹೋಗಿತ್ತು. ರೈಲಿನಲ್ಲಿ ನನ್ನ ಎದುರಿಗೇ ಕೂತಿದ್ದವಳು ಅವಳು.

ಮೆಟ್ರೋದ ಸಾವಿರಾರು ಕೋಟಿಯ ಮುಂದೆ ಆ ಮೋರಿ ಮುಚ್ಚುವ ಖರ್ಚು ಎಷ್ಟಾಗಬಹುದು? ನಿಲ್ದಾಣ ಕಟ್ಟುವ ದುಡ್ಡಿನಲ್ಲೇ ಸುತ್ತಲಿನ ಎರಡು ಮೂರು ಕಿಲೋಮೀಟರ್ ದಾರಿ, ದೀಪ, ಬಸ್ಸು ಸೇರಿರಬೇಕು. ಸೇರಿಲ್ಲದಿದ್ದರೆ ಆ ನಿಲ್ದಾಣವನ್ನು ಉದ್ಘಾಟಿಸಲೇಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

‘ಕೊಡಗಿಗೆ ರೈಲೇ ಇಲ್ಲ, ನಿಮಗ್ಯಾಕೆ ಬೆಂಗಳೂರಿನ ಚಿಂತೆ’ ಅಂತ ನೆಂಟರು ನನಗೆ ಹೇಳಿದರು. ನಿಜ, ನಮ್ಮ ಜಿಲ್ಲೆಯಲ್ಲಿ ಒಂದಡಿ ಹಳಿಯೂ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ 87 ಕಿಲೋಮೀಟರ್ ಮಾರ್ಗದ ಪ್ರಸ್ತಾಪ ವರ್ಷಗಳಿಂದ ಇದೆ. ಬೇಕು ಅನ್ನುವವರೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ನೋಡಿದ ಮೇಲೆ ಬೆಟ್ಟ ಕೊರೆಯುವ ಯಾವ ಯೋಜನೆಗೂ ನನ್ನ ಮನಸ್ಸು ಒಪ್ಪಲ್ಲ. ಕುಶಾಲನಗರದ ತನಕ, ಬಯಲಿನಲ್ಲೇ ಬಂದು ನಿಂತರೆ ನನ್ನ ತಕರಾರಿಲ್ಲ. ಆದರೆ ಅಲ್ಲೂ ನಾನು ಕೇಳೋದು ದೊಡ್ಡಮ್ಮ ಕೇಳಿದ್ದನ್ನೇ. ಕುಶಾಲನಗರದಲ್ಲಿ ಇಳಿದ ಲೈನ್ ಮನೆ ಹುಡುಗಿ ತನ್ನ ಮನೆಗೆ ಹೇಗೆ ಹೋಗ್ತಾಳೆ? ಇದನ್ನು ಈಗಲೇ ಕೇಳದಿದ್ದರೆ ನಾಳೆ ನಮ್ಮ ಗದ್ದೆಗಳ ಮೇಲೂ ಯಾರೋ ಕೆಂಪು ನಕ್ಷತ್ರ ಹಾಕಿಕೊಂಡು ಬರ್ತಾರೆ.

ಹುಡುಗ ಕಾಫಿ ಕುಡಿದು, ಕಾಗದ ಇಟ್ಟು ಹೋದ. ಸಂಜೆ ಇಬ್ಬನಿ ಬೀಳುವ ಮುಂಚೆ ದೊಡ್ಡಮ್ಮನ ಜೊತೆ ನಾನೂ ಚೆರ್ರಿ ರಾಶಿ ಮಾಡಿ ಟಾರ್ಪಾಲು ಎಳೆದೆ. ಸೈಟಿನ ಮಾತು ಅವರು ಎತ್ತಲೇ ಇಲ್ಲ. ನಿನ್ನೆ ಮಗನಿಗೆ ಫೋನ್ ಮಾಡಿ ಮಾತಾಡಿದರಂತೆ. ಸೈಟು ಬೇಡ ಅಂತ ಇಬ್ಬರೂ ತೀರ್ಮಾನ ಮಾಡಿದ್ದಾರೆ. ಪಟ್ಟಣಗೆರೆ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ ಒಂದು ಹಳೇ ಮನೆ ಲೀಸಿಗೆ ಸಿಗುತ್ತಂತೆ. ಎರಡೇ ಕೋಣೆ. ಅಡುಗೆಮನೆ ಚಿಕ್ಕದು ಅಂತ ಸೊಸೆಗೆ ಸ್ವಲ್ಪ ಬೇಜಾರು. ಲೀಸಿನ ದುಡ್ಡಿಗೆ ಒಂದಿಷ್ಟು ಕಡಿಮೆ ಬೀಳುತ್ತೆ, ಅದನ್ನು ದೊಡ್ಡಮ್ಮ ಕೊಡ್ತಾರೆ, ಚೆರ್ರಿ ಮಾರಿದ ಮೇಲೆ.