ಗೇಮ್ ಆಡುವ ಹುಡುಗ ಗಾಂಜಾಕ್ಕೂ ಬೀಳುತ್ತಾನೆಯೇ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಒಡೆದ ಡಿಸ್‌ಪ್ಲೇಯಷ್ಟೇ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆಯೊಂದಿದೆ. "ಅಣ್ಣಾ, ಮಗ ರಾತ್ರಿಯಿಡೀ ಗೇಮ್ ಆಡುತ್ತಾನೆ. ಇಂಥವರೇ ನಾಳೆ ಗಾಂಜಾ ಸೇದುವುದಂತೆ, ಹೌದಾ?" ಕೇಳುವವರಲ್ಲಿ ತಾಯಂದಿರೇ ಹೆಚ್ಚು. ಗಲ್ಫ್‌ನಿಂದ ರಜೆಯಲ್ಲಿ ಬಂದ ತಂದೆಯಂದಿರೂ ಕೇಳುತ್ತಾರೆ. ಅಂಗಡಿ ಮುಚ್ಚಿ ಮನೆಗೆ ಹೋಗಿ, ನಾನೇ ಬೇಯಿಸಿ ಉಂಡು, ಆಮೇಲೆ ಗೇಮ್ ಆಡಲು ಕೂರುವವನು ನಾನು ಎಂಬುದು ಊರಿಗೆ ಗೊತ್ತಿರುವುದರಿಂದ, ಪ್ರಶ್ನೆ ಕೇಳುತ್ತಾ ನನ್ನ ಕಣ್ಣನ್ನೂ ಒಮ್ಮೆ ಪರೀಕ್ಷಿಸುತ್ತಾರೆ.

ನನ್ನ ಉತ್ತರ: ಇಲ್ಲ, ಬೀಳಲೇಬೇಕೆಂದೇನೂ ಇಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ ಶುರುವಾಗುತ್ತವೆ, ಎರಡಕ್ಕೂ ಹುಡುಗರು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ನಿಂತವರಿಗೆ ಎರಡೂ ಒಂದೇ ರೋಗದಂತೆ ಕಾಣಿಸುವುದು ಸಹಜ. ಆದರೆ ಗೇಮಿನಲ್ಲಿ ಹೆದರಬೇಕಾದದ್ದು ಒಂದು, ಗಾಂಜಾದಲ್ಲಿ ಹೆದರಬೇಕಾದದ್ದು ಇನ್ನೊಂದು.

ಗಾಂಜಾದ ವಿಷಯದಲ್ಲಿ ನಮ್ಮ ಹುಡುಗರ ನಡುವೆ ಒಂದು ಭಾರೀ ತಪ್ಪು ತಿಳುವಳಿಕೆ ಓಡಾಡುತ್ತಿದೆ. "ಒಂದು ಕಿಲೋದವರೆಗೆ ತೊಂದರೆಯಿಲ್ಲ" ಎಂದು ಧೈರ್ಯವಾಗಿ ಹೇಳುತ್ತಾರೆ. 1985ರ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾದ 'ಅಲ್ಪ ಪ್ರಮಾಣ'ದ ಮಿತಿ 1 ಕಿಲೋ, 'ವಾಣಿಜ್ಯ ಪ್ರಮಾಣ'ದ ಮಿತಿ 20 ಕಿಲೋ ಎಂಬುದು ನಿಜ. ಆದರೆ ಅಲ್ಪ ಎಂದರೆ ಶಿಕ್ಷೆ ಅಲ್ಪ ಎಂದಷ್ಟೇ, ಶಿಕ್ಷೆ ಇಲ್ಲವೆಂದಲ್ಲ. ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರಮಾಣ 1 ಕಿಲೋ ದಾಟಿದರೆ ಸಜೆ ಹತ್ತು ವರ್ಷದವರೆಗೆ ಏರಬಹುದು. ವಾಣಿಜ್ಯ ಪ್ರಮಾಣಕ್ಕೆ ಹತ್ತು ವರ್ಷವೇ ಕನಿಷ್ಠ. ಮನೆಗೊಬ್ಬರು ಗಲ್ಫ್‌ಗೆ ಹೋಗುವ ಈ ಜಿಲ್ಲೆಯಲ್ಲಿ ಇಂಥ ಒಂದು ಪ್ರಕರಣ ಮೈಮೇಲಿದ್ದರೆ ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ ಆಗುವಾಗ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಭಂಗಿಯ, ಅಂದರೆ ಭಾಂಗ್‌ನ ವಾದ. "ಉತ್ತರದಲ್ಲಿ ಶಿವರಾತ್ರಿಗೆ ಅಂಗಡಿಯಲ್ಲೇ ಮಾರುತ್ತಾರಲ್ಲ?" ಮಾರುತ್ತಾರೆ. ಅದೇ ಗಿಡದ್ದಾದರೂ ಕಾನೂನು ಗಾಂಜಾ ಎಂದು ಕರೆಯುವುದು ಹೂವು, ಕಾಯಿ ಬಿಟ್ಟ ತುದಿಯನ್ನು. ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗಿವೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ಭಂಗಿ ಬಳಸುವವರು ಸುಮಾರು 2.2 ಕೋಟಿ, ಗಾಂಜಾ ಮತ್ತು ಚರಸ್ (ಅದೇ ಗಿಡದ ಅಂಟು) ಬಳಸುವವರು ಸುಮಾರು 1.3 ಕೋಟಿ ಎಂದಿತ್ತು. ಮದ್ಯ ಕುಡಿಯುವವರು? ಸುಮಾರು 16 ಕೋಟಿ. ಮಗನ ಗಾಂಜಾದ ಬಗ್ಗೆ ಚಿಂತಿಸುವ ತಂದೆಯ ಬಾಯಿಂದಲೇ ಸಂಜೆಯ ಹೊತ್ತು ಬೇರೊಂದು ವಾಸನೆ ಬರುತ್ತಿರುತ್ತದೆ. ಅದನ್ನು ನಾನು ಎತ್ತಿ ಆಡುವುದಿಲ್ಲ, ಗಿರಾಕಿ ದೇವರು.

ಓದಿದ ಹುಡುಗರು ಕೆನಡಾವನ್ನು ಎಳೆದು ತರುತ್ತಾರೆ. ಅಲ್ಲಿ 2018ರಿಂದ ಕಾನೂನುಬದ್ಧವಾಗಿದೆ, ಸರಿ. ಆದರೆ ಅಲ್ಲಿ ಪರವಾನಗಿ ಇರುವ ಅಂಗಡಿಯಲ್ಲಿ, ಅಮಲಿನ ಅಂಶ ಎಷ್ಟೆಂದು ಅಚ್ಚುಮಾಡಿದ ಪೊಟ್ಟಣದಲ್ಲಿ, ವಯಸ್ಸು ನೋಡಿ ಕೊಡುತ್ತಾರೆ. ಇಲ್ಲಿ ಹೆಲ್ಮೆಟ್ ತೆಗೆಯದ ಯಾರೋ ಕೊಟ್ಟು ಹೋದ ಪೊಟ್ಟಣದಲ್ಲಿ ಏನು ಬೆರೆತಿದೆಯೆಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ. ದೊಡ್ಡವರು ಸೇದುವುದಕ್ಕೂ ಹದಿನಾರರ ಹುಡುಗ ಸೇದುವುದಕ್ಕೂ ವ್ಯತ್ಯಾಸವಿದೆ. ಎಳೆಯ ವಯಸ್ಸಿನಲ್ಲಿ ಶುರುಮಾಡಿದವರಿಗೆ ಅದು ಅಂಟಿಕೊಳ್ಳುವ ಅಪಾಯ ಹೆಚ್ಚು, ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಗಾಂಜಾದ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೇ: ಅದು ರಾಕ್ಷಸನಲ್ಲ, ಆದರೆ ಆ ವಯಸ್ಸಿಗೆ ಬೇಡ, ಈ ಊರಿನ ಕಾನೂನಿನ ಕೆಳಗಂತೂ ಬೇಡವೇ ಬೇಡ.

ಗೇಮಿಗೆ ಬರೋಣ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದಾಗ ಅಂಗಡಿಗೆ ಬಂದವರೆಲ್ಲ ಹಬ್ಬದ ಮುಖ ಮಾಡಿಕೊಂಡಿದ್ದರು. ಮರುವರ್ಷ ಜುಲೈಯಲ್ಲಿ ಹೆಚ್ಚುಕಡಿಮೆ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಎಂದರು. ಹುಡುಗರು ಅಪ್ಪನ ನಂಬರ್ ಹಾಕಿ ಅಪ್ಪನ ವಯಸ್ಸಿನವರಾದರು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ನಿಜ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಅದರಲ್ಲಿ ಗಂಟೆಗಳ ಲೆಕ್ಕವಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದ ಕೆಲಸಗಳೆಲ್ಲ ಅದರ ಹಿಂದೆ ಬಿದ್ದಿರಬೇಕು, ಹಾನಿಯಾಗುತ್ತಿದ್ದರೂ ಬಿಡಲಾಗದಿರಬೇಕು, ಮತ್ತು ಇದೆಲ್ಲ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ನಡೆದಿರಬೇಕು. ಪರೀಕ್ಷೆ ಮುಗಿದ ರಜೆಯಲ್ಲಿ ದಿನವಿಡೀ ಆಡುವ ಹುಡುಗನಿಗೆ ಇದು ಅನ್ವಯಿಸುವುದಿಲ್ಲ. ಅವನಿಗೆ ಇರುವ ಕಾಯಿಲೆಯ ಹೆಸರು ರಜೆ. ಕನ್ನಡ ಮಾಧ್ಯಮದ ಹುಡುಗರು ಹಿಂದಿ ಕಲಿತದ್ದು ಶಾಲೆಯಲ್ಲಲ್ಲ, ಈ ಗೇಮಿನಲ್ಲಿ ಉತ್ತರದ ಹುಡುಗರ ಜೊತೆ ಕೂಗಾಡುತ್ತಾ. ಬೈಗುಳವೇ ಹೆಚ್ಚು ಕಲಿತಿದ್ದಾರೆ, ಆದರೂ ವ್ಯಾಕರಣ ಸರಿಯಿದೆ.

ಗೇಮಿನಲ್ಲಿ ನಾನು ನಿಜವಾಗಿ ಹೆದರುವುದು ಹಣಕ್ಕೆ. ಗೇಮಿನೊಳಗೆ ಬಂದೂಕಿಗೆ ಬಣ್ಣ ಬಳಿಯಲು, ಅಂಗಿ ಬದಲಿಸಲು ದುಡ್ಡು ಹೋಗುತ್ತದೆ. ಅಮ್ಮನ ಯುಪಿಐ ಪಿನ್ ಮಗನಿಗೆ ಬಾಯಿಪಾಠ. ಅದಕ್ಕಿಂತ ಕೆಟ್ಟದ್ದು ರಮ್ಮಿಯಂಥ ಹಣ ಕಟ್ಟುವ ಆಟಗಳು, ಅವುಗಳ ಗಿರಾಕಿಗಳು ಹುಡುಗರಿಗಿಂತ ದೊಡ್ಡವರೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಅಷ್ಟರಲ್ಲಿ ರಿಪೇರಿಗೆ ಬಂದ ಎಷ್ಟೋ ಫೋನುಗಳಲ್ಲಿ ಆ ಆ್ಯಪ್‌ಗಳು ಮನೆಮಾಡಿ ಕೂತದ್ದನ್ನು ನಾನು ನೋಡಿಯಾಗಿತ್ತು. ಮಗನ ಗೇಮ್ ತೆಗೆಸಲು ಬಂದವರ ಸ್ವಂತ ಫೋನಿನಲ್ಲೂ ಇತ್ತು.

"ಹಾಗಾದರೆ ಗೇಮೋ ಗಾಂಜಾವೋ ಗೊತ್ತಾಗುವುದು ಹೇಗೆ? ಎರಡಕ್ಕೂ ಕಣ್ಣು ಕೆಂಪಾಗುತ್ತದಲ್ಲ?" ಇದು ಜಾಣತನದ ಪ್ರಶ್ನೆ. ನಿದ್ದೆಗೆಟ್ಟರೂ ಕಣ್ಣು ಕೆಂಪು, ಸೇದಿದರೂ ಕೆಂಪು. ಅಡುಗೆಮನೆಯಲ್ಲಿ ಸ್ವಲ್ಪ ವ್ಯತ್ಯಾಸ ಕಾಣಬಹುದು: ಗೇಮ್ ಆಡುವವನಿಗೆ ಬಡಿಸಿದ ಅನ್ನ ತಣ್ಣಗಾಗುತ್ತದೆ, ಗಾಂಜಾ ಸೇದಿದವನಿಗೆ ಹಸಿವು ಕೆರಳಿ ಹಲಸಿನ ಹಪ್ಪಳದ ಡಬ್ಬಿ ಖಾಲಿಯಾಗುತ್ತದೆ. ಇದನ್ನು ಹೇಳಿದ ಕೂಡಲೇ ತಾಯಂದಿರು ಡಬ್ಬಿ ಎಣಿಸಲು ಓಡುತ್ತಾರೆಂದು ಗೊತ್ತಿರುವುದರಿಂದ ಒಂದು ಮಾತು ಸೇರಿಸುತ್ತೇನೆ: ಹದಿನಾರರ ಹುಡುಗ ಏನೂ ಸೇದದೆಯೇ ಡಬ್ಬಿ ಖಾಲಿ ಮಾಡುತ್ತಾನೆ.

ತಣ್ಣಗಾಗುವ ಅನ್ನಕ್ಕೆ ಮಾತ್ರ ನನ್ನಲ್ಲಿ ಪರಿಹಾರವಿದೆ. ಬಿಜಿಎಂಐನಂಥ ಆಟದಲ್ಲಿ ಒಂದು ಸುತ್ತಿಗೆ ನೂರು ಜನ ಇಳಿಯುತ್ತಾರೆ, ಕೊನೆಯವರೆಗೆ ಉಳಿದವನಿಗೆ ಸುಮಾರು ಅರ್ಧ ಗಂಟೆ ಬೇಕು. ನಡುವೆ ನಿಲ್ಲಿಸಿ ಇಡಲು ಆಗುವುದಿಲ್ಲ, ಎದ್ದು ಹೋದರೆ ಜೊತೆಯ ಮೂವರಿಗೆ ದ್ರೋಹ. "ಈಗಲೇ ಊಟಕ್ಕೆ ಬಾ" ಎಂದು ಸುತ್ತಿನ ನಡುವೆ ಕೂಗಿದರೆ ಜಗಳ ಖಚಿತ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕಲ್ಲ? ಅಕ್ಕಿ ಒಲೆಗೆ ಹಾಕುವಾಗ ಹೇಳಿ: "ಇದೊಂದು ಸುತ್ತು ಮುಗಿಸು, ಗಂಜಿ ಬಸಿಯುವಾಗ ಇಲ್ಲಿರಬೇಕು." ನನ್ನ ಗಿರಾಕಿಗಳ ಮನೆಗಳಲ್ಲಿ ನಾನು ಹಾಕಿಕೊಟ್ಟ ಯಾವ ಲಾಕಿಗಿಂತಲೂ ಇದು ಚೆನ್ನಾಗಿ ನಡೆದಿದೆ.

ಬಂದವನನ್ನು ಸುಮ್ಮನೆ ಕೂರಿಸಬೇಡಿ. ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಬಾಳೆಯೆಲೆ ಕೊಯ್ದು ತರುವುದರಾಚೆ ಅಡುಗೆಯ ಕೆಲಸವನ್ನೇ ಕೊಡುವುದಿಲ್ಲ. ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯಲಿ. ಮಳೆಗಾಲದಲ್ಲಿ ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯನ್ನು ಹಿಂಡಿ ನೀರು ಬದಲಿಸಲಿ. ಅಂಗಳದಿಂದ ಒಂದೆಲಗ ಕಿತ್ತು ತಂದು, ಜೀರಿಗೆ, ಕಾಳುಮೆಣಸು, ತೆಂಗಿನತುರಿಯ ಜೊತೆ ಅರೆದು, ಮಜ್ಜಿಗೆ ಸೇರಿಸಿ ತಂಬುಳಿ ಮಾಡಲಿ. ಹತ್ತು ನಿಮಿಷದ ಕೆಲಸ, ಒಲೆಯೂ ಬೇಡ. ಒಂದೆಲಗ ಬುದ್ಧಿಗೆ ಒಳ್ಳೆಯದೆಂದು ಅಜ್ಜಿಯರು ಹೇಳುತ್ತಾರೆ. ನಾನು ಚಿಕ್ಕಂದಿನಿಂದ ತಿಂದಿದ್ದೇನೆ, ಬುದ್ಧಿಯ ವಿಷಯವನ್ನು ಊರವರೇ ಹೇಳಲಿ. ಅಡುಗೆ ಚಟಕ್ಕೆ ಮದ್ದು ಎಂದು ನಾನು ಹೇಳುತ್ತಿಲ್ಲ, ಅಂಥ ಮಾತು ನನಗೆ ಹಿಡಿಸುವುದೂ ಇಲ್ಲ. ಆದರೆ ಕೈ ಕೆಲಸದಲ್ಲಿರುವಾಗ, ಮುಖ ನೋಡಬೇಕಾದ ಅಗತ್ಯವಿಲ್ಲದಾಗ, ಆ ವಯಸ್ಸಿನವರು ಒಂದೆರಡು ಮಾತು ಆಡುತ್ತಾರೆ. ಎದುರು ಕೂರಿಸಿ ವಿಚಾರಣೆ ಮಾಡಿದರೆ ಆಡುವುದಿಲ್ಲ.

ಆ ಮಾತಿನಲ್ಲಿ ಗಾಂಜಾವೇ ಹೊರಬಿದ್ದರೆ? ಮೊದಲು ಬಡಿಯಬೇಡಿ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಒಪ್ಪಿದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವನನ್ನು ಮೊಕದ್ದಮೆಯಿಂದ ಪಾರುಮಾಡುತ್ತದೆ. ಚಿಕಿತ್ಸೆ ಪೂರ್ತಿಗೊಳಿಸಬೇಕು, ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕೇರಳದ ಅಬಕಾರಿ ಇಲಾಖೆಯ 'ವಿಮುಕ್ತಿ' ಯೋಜನೆಯಲ್ಲಿ ವ್ಯಸನಮುಕ್ತಿ ಕೇಂದ್ರಗಳಿವೆ. ಈ ಬಗ್ಗೆ ಶಾಲೆಯಿಂದ ಮನೆಗೆ ಬರುವ ಕರಪತ್ರ ಮಲಯಾಳದಲ್ಲಿರುತ್ತದೆ, ಕನ್ನಡ ಮಾತ್ರ ಓದಬಲ್ಲ ತಾಯಿ ಅದನ್ನು ಮಡಚಿ ಡಬ್ಬಿಯ ತಳಕ್ಕೆ ಹಾಸುತ್ತಾಳೆ. ಆದ್ದರಿಂದ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ: ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಬೇಡ, ಭಾಷೆ ಆರಿಸುವಾಗ ಕನ್ನಡವೂ ಸಿಗುತ್ತದೆ. ಗೇಮಿನದೇ ಚಟವೆಂದು ಖಾತ್ರಿಯಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮ್, ಇಂಟರ್ನೆಟ್‌ನಂಥ ತಂತ್ರಜ್ಞಾನದ ಚಟಗಳಿಗೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ನಡೆಯುತ್ತಿದೆ.