ರೇಡಿಯೇಟರ್‌ಗೆ ಬೋರ್ ನೀರು ಬೇಡ

ಏಪ್ರಿಲ್ ಬಂತೆಂದರೆ ರಾಯಚೂರು, ಬಳ್ಳಾರಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಡಿ ಹೀಟ್ ಆಗುವ ದೂರೂ ಶುರುವಾಗುತ್ತದೆ. ಎಂಜಿನ್ ತಂಪಾಗಿಡಲು ರೇಡಿಯೇಟರ್‌ಗೆ ಹಾಕುವ ಕೂಲೆಂಟ್ ಯಾವ ಕಂಪನಿಯದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಯಾವ ನೀರು ಬೆರೆಸಬೇಕೆಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ.

ನಮ್ಮ ಕಡೆಯ ಬಹಳಷ್ಟು ಬೋರ್‌ಗಳದ್ದು ಗಡಸು ನೀರು. ವಾಟರ್ ಹೀಟರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರೇ ಎಂಜಿನ್ ಒಳಗೂ ಕಟ್ಟುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಲಿಂಡರ್ ಸುತ್ತಲಿನ ಬಿಸಿ ಗೋಡೆಗೆ ಅಂಟುತ್ತವೆ, ಕೂಲೆಂಟ್‌ನಲ್ಲಿರುವ ಫಾಸ್ಫೇಟ್, ಸಿಲಿಕೇಟ್ ಜೊತೆ ಸೇರಿ ಗಸಿಯಾಗುತ್ತವೆ. ನೀರು ಸವಳಾಗಿದ್ದರೆ ಅದರ ಕ್ಲೋರೈಡ್ ಅಲ್ಯೂಮಿನಿಯಂ ರೇಡಿಯೇಟರ್ ಅನ್ನೇ ತಿನ್ನುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಆಸಿಡ್ ಬೆರೆತದ್ದಲ್ಲ, ಬರೀ ಟಾಪ್‌ಅಪ್ ನೀರು.

ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿಗೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವೇನೂ ಇಲ್ಲ. ಗಾಡಿಯ ಪುಸ್ತಕದಲ್ಲಿ ಬರೆದ ಸ್ಪೆಸಿಫಿಕೇಶನ್ ಕ್ಯಾನ್ ಮೇಲೂ ಇರಬೇಕು. ಎರಡು ಜಾತಿ ಬೆರೆಸಿದರೆ ತುಕ್ಕು ತಡೆಯುವ ಗುಣ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆಯಂತೆ ಗಟ್ಟಿಯಾಗಿ ರೇಡಿಯೇಟರ್ ಕೊಳವೆ ಕಟ್ಟುತ್ತದೆ. ವೆಟ್ ಲೈನರ್ (ಹೊರಮೈ ನೇರವಾಗಿ ಕೂಲೆಂಟ್‌ಗೆ ತಾಗುವ ಸಿಲಿಂಡರ್ ಕೊಳವೆ) ಇರುವ ಲಾರಿ, ಟ್ರ್ಯಾಕ್ಟರ್ ಎಂಜಿನ್‌ಗಳಿಗೆ ಹೆವಿ ಡ್ಯೂಟಿ ಡೀಸೆಲ್ ಕೂಲೆಂಟೇ ಬೇಕು. ಪಿಸ್ಟನ್ ಹೊಡೆತಕ್ಕೆ ಲೈನರ್ ಅದುರುವಾಗ ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ. ಒಡೆದಲ್ಲೆಲ್ಲ ಸೂಜಿ ಚುಚ್ಚಿದಂಥ ಗುಂಡಿ ಬಿದ್ದು, ಕೊನೆಗೆ ತೂತಾಗಿ ನೀರು ಆಯಿಲ್‌ಗೆ ಇಳಿಯುತ್ತದೆ. ಬರೀ ನೀರಲ್ಲಿ ಓಡಿಸುವ ಟ್ರ್ಯಾಕ್ಟರ್‌ಗೆ ಈ ಅಪಾಯ ಹೆಚ್ಚು.

ಅಳತೆ ಕೂಲೆಂಟ್ ಅರ್ಧ, ನೀರು ಅರ್ಧ. ಆ ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. 1 ಬಾರ್ ಆಸುಪಾಸಿನ ಒತ್ತಡ ಹಿಡಿದಿಡುವ ರೇಡಿಯೇಟರ್ ಕ್ಯಾಪ್ ಬಿಗಿಯಾಗಿದ್ದರೆ 125 ದಾಟುವವರೆಗೂ ಕುದಿಯುವುದಿಲ್ಲ. ಹಾಗಾಗಿ ರಬ್ಬರ್ ಸವೆದ ಕ್ಯಾಪ್ ಅನ್ನು ಮೊದಲು ಬದಲಿಸಿ, ಖರ್ಚು ಅತಿ ಕಡಿಮೆ. ನೀರೇ ಬೆರೆಸದ ಕಾನ್ಸೆಂಟ್ರೇಟ್ ಸುರಿದರೆ ಇನ್ನೂ ತಂಪು ಎಂಬುದು ತಪ್ಪು: ಶಾಖ ಹೊರುವುದರಲ್ಲಿ ನೀರೇ ಮೇಲು. ರೆಡಿ ಮಿಕ್ಸ್ ಕ್ಯಾನ್‌ಗೆ ಮತ್ತೆ ನೀರು ಬೆರೆಸಬಾರದು.

ಬದಲಿಸುವಾಗ ಎಂಜಿನ್ ಪೂರ್ತಿ ಆರಿರಲಿ, ಬಿಸಿ ಕ್ಯಾಪ್ ತೆಗೆದರೆ ಮುಖ, ಕೈ ಸುಡುತ್ತದೆ. ಕೆಳಗಿನ ಡ್ರೇನ್ ಬಿಚ್ಚಿ ಹಳೆಯ ಕೂಲೆಂಟನ್ನು ಬಕೆಟ್‌ಗೆ ಹಿಡಿಯಿರಿ. ಅದು ಸಿಹಿಯಾದ ವಿಷ, ನಾಯಿ ನೆಕ್ಕಿದರೆ ಸಾಯುತ್ತದೆ. ಡಿಸ್ಟಿಲ್ಡ್ ವಾಟರ್ ತುಂಬಿ, ಕಾರಾದರೆ ಹೀಟರ್ ಹಾಟ್‌ಗೆ ಇಟ್ಟು, ಮೇಲಿನ ಹೋಸ್ ಬಿಸಿಯಾಗುವವರೆಗೆ ಓಡಿಸಿ, ಎಂಜಿನ್ ತಣ್ಣಗಾಗಲು ಬಿಟ್ಟು, ನೀರು ಇಳಿಸಿ. ತಿಳಿನೀರು ಬರುವವರೆಗೆ ಇದೇ ಕೆಲಸ. ಎಂಜಿನ್ ಬ್ಲಾಕ್‌ನಲ್ಲಿ ಎಷ್ಟೋ ನೀರು ಉಳಿದಿರುತ್ತದೆ. ಅದಕ್ಕೇ 6 ಲೀಟರ್ ಹಿಡಿಯುವ ಗಾಡಿಗೆ ಮೊದಲು 3 ಲೀಟರ್ ಕಾನ್ಸೆಂಟ್ರೇಟ್ ಹಾಕಿ, ಆಮೇಲೆ ನೀರಿನಿಂದ ಭರ್ತಿ ಮಾಡಿ. ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ ಗಾಳಿ ತೆಗೆಯಿರಿ. ಮರುದಿನ ತಣ್ಣಗಿದ್ದಾಗ ಲೆವೆಲ್ ನೋಡಿ.

ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ (ಬಿಸಿ ನೋಡಿ ರೇಡಿಯೇಟರ್‌ಗೆ ಕೂಲೆಂಟ್ ಬಿಡುವ ವಾಲ್ವ್) ಕಿತ್ತುಹಾಕುವ ರೂಢಿ ಇಲ್ಲಿ ಈಗಲೂ ಇದೆ, ದಯವಿಟ್ಟು ಬಿಡಿ. ಕೆಲವು ಎಂಜಿನ್‌ಗಳಲ್ಲಿ ಅದಿಲ್ಲದಿದ್ದರೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತಿ ಇನ್ನೂ ಹೀಟ್ ಆಗುತ್ತದೆ.

ಸಂಡೂರಿನ ಅದಿರು ಧೂಳು, ಸಿಂಧನೂರು–ಗಂಗಾವತಿಯ ಭತ್ತದ ಹೊಟ್ಟು ರೇಡಿಯೇಟರ್‌ನ ಫಿನ್‌ಗಳ (ತೆಳು ತಗಡಿನ ಪಟ್ಟಿಗಳ) ನಡುವೆ ಕೂತಿದ್ದರೆ ಎಂಥ ಕೂಲೆಂಟೂ ಉಪಯೋಗಕ್ಕೆ ಬಾರದು. ಗಾಳಿಯನ್ನು ಫ್ಯಾನ್ ಕಡೆಯಿಂದ ಮುಂಭಾಗಕ್ಕೆ ಊದಬೇಕು, ಅದೂ ಕಡಿಮೆ ಪ್ರೆಶರ್‌ನಲ್ಲಿ. ಸರ್ವಿಸ್ ಸೆಂಟರ್‌ನ ವಾಟರ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿ ದಾರಿಯೇ ಮುಚ್ಚಿಹೋಗುತ್ತದೆ.